ಹೆಣ್ಣು ನಾಯಿಯನ್ನು ಮನೆಗೆ ತರುವವರಿಗೆ: ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ

ಮಳೆಗಾಲ ಮುಗಿದು ಚಳಿ ಬೀಳುವ ಹೊತ್ತಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನಾಯಿಮರಿಗಳ ಕಾಲ. ಮೀನು ಮಾರ್ಕೆಟ್ಟಿನ ಹಿಂದೆ ಇರುತ್ತವೆ, ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಇರುತ್ತವೆ, ದೇವಿಮನೆ ಘಟ್ಟದ ತಿರುವಿನಲ್ಲಿ ಗೋಣಿಚೀಲದೊಳಗೂ ಇರುತ್ತವೆ. ಚೀಲ ಬಿಚ್ಚಿದರೆ ಹೆಚ್ಚಿನವು ಹೆಣ್ಣು. ಗಂಡು ಮರಿಯನ್ನು ಯಾರಾದರೂ ತೋಟ ಕಾಯಲಿ ಅಂತ ಒಯ್ಯುತ್ತಾರೆ. ಹೆಣ್ಣು ಅಂದ ಕೂಡಲೇ "ವರ್ಷಕ್ಕೆರಡು ಸಲ ಮರಿ ಹಾಕ್ತದೆ, ಯಾರಿಗೆ ಬೇಕು ಆ ರಗಳೆ" ಅಂತ ಮುಖ ತಿರುಗಿಸುತ್ತಾರೆ. ಆ ರಗಳೆಗೆ ಒಂದು ಆಪರೇಷನ್ ಸಾಕು, ಅದರ ವಿಷಯ ಮುಂದೆ ಬರುತ್ತದೆ. ನನ್ನನ್ನು ಕೇಳಿದರೆ ಮನೆಗೆ ಹೆಣ್ಣು ನಾಯಿಯೇ ಒಳ್ಳೆಯದು. ಬೆದೆಗೆ ಬಂದ ನಾಯಿಯ ಹಿಂದೆ ಮೂರು ಊರು ಅಲೆದು, ಕಚ್ಚಿಸಿಕೊಂಡು, ಕಿವಿ ಹರಿದುಕೊಂಡು ಬರುವ ಗಂಡು ನಾಯಿಗಳನ್ನು ನೋಡಿದವರಿಗೆ ಇದು ಗೊತ್ತು.

ಆದರೆ ತಂದ ಮೇಲಿನ ಮೊದಲ ತಿಂಗಳು ಕೆಡುವುದು ಹೆಚ್ಚಾಗಿ ಮನೆಯವರ ಅವಸರದಿಂದ. ಹಾಗಾಗಿ ಮನೆಯವರಿಂದಲೇ ಶುರು ಮಾಡೋಣ.

ತರುವ ಮುಂಚೆ

ಒಂದು ಸಂಜೆ ಚಾ ಕುಡಿಯುವಾಗ ಎಲ್ಲರೂ ಕೂತು ಮಾತಾಡಿ. ಅನ್ನ ಹಾಕುವವರು ಯಾರು, ಬೆಳಿಗ್ಗೆ ಹೊರಗೆ ಕರೆದುಕೊಂಡು ಹೋಗುವವರು ಯಾರು, ರಾತ್ರಿ ಮಲಗುವುದು ಎಲ್ಲಿ, ದೇವರ ಕೋಣೆಗೂ ಅಡುಗೆಮನೆಗೂ ಪ್ರವೇಶ ಉಂಟೋ ಇಲ್ಲವೋ. ಮಡಿ ಪಾಲಿಸುವ ಅಜ್ಜಿ ಇದ್ದ ಮನೆಯಲ್ಲಿ ಈ ಕೊನೆಯ ಪ್ರಶ್ನೆಯನ್ನು ಮುಂದೆ ಹಾಕಬೇಡಿ. ಅಡುಗೆಮನೆ ಬೇಡ ಅಂದರೆ ಬೇಡ, ನಾಯಿ ಅದನ್ನು ಕಲಿಯುತ್ತದೆ. ಆದರೆ ಅಜ್ಜಿ ಹೊಸ್ತಿಲಲ್ಲೇ ತಡೆಯುವುದು, ಮೊಮ್ಮಗ ಅಜ್ಜಿಗೆ ಕಾಣದ ಹಾಗೆ ಒಳಗೆ ಕರೆದು ದೋಸೆ ಚೂರು ಕೊಡುವುದು, ಇದಾದರೆ ಯಾವ ನಾಯಿಯೂ ಏನನ್ನೂ ಕಲಿಯುವುದಿಲ್ಲ. ನಿಯಮ ಯಾವುದಾದರೂ ಇರಲಿ, ಎಲ್ಲರದ್ದೂ ಒಂದೇ ಇರಲಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಮೊದಲೇ ಕೇಳಿ, ಕ್ವಾರ್ಟರ್ಸ್ ಆದರೆ ಅಲ್ಲಿಯ ನಿಯಮ ನೋಡಿ.

ಮರಿಯೋ ದೊಡ್ಡದೋ? ಎಲ್ಲರೂ ಮರಿಯನ್ನೇ ಕೇಳುತ್ತಾರೆ. ಮರಿ ಮುದ್ದು, ನಿಜ. ಆದರೆ ಅದು ಚಪ್ಪಲಿ ಕಡಿಯುತ್ತದೆ, ರಾತ್ರಿ ಎರಡು ಮೂರು ಸಲ ಎಬ್ಬಿಸುತ್ತದೆ, ಲಸಿಕೆ ಮುಗಿಯುವ ತನಕ ಪಾರ್ವೋ ಎಂಬ ವಾಂತಿ-ಭೇದಿ ರೋಗದ ಭಯ ಬೇರೆ. ಎರಡು ಮೂರು ವರ್ಷದ ನಾಯಿಯ ಸ್ವಭಾವ ಆಗಲೇ ಗೊತ್ತಾಗಿರುತ್ತದೆ: ಮಕ್ಕಳ ಜೊತೆ ಹೇಗೆ, ಬೆಕ್ಕು ಕಂಡರೆ ಏನು ಮಾಡುತ್ತದೆ, ಒಂಟಿ ಇರುತ್ತದೋ ಇಲ್ಲವೋ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ದೊಡ್ಡ ನಾಯಿಯೇ ಸರಿ.

ರಸ್ತೆ ಬದಿ ಮರಿ ಕಂಡ ಕೂಡಲೇ ಎತ್ತಿಕೊಂಡು ಬರಬೇಡಿ. ತಾಯಿ ಊಟ ಹುಡುಕಲು ಹೋಗಿರಬಹುದು, ದೂರ ನಿಂತು ಸ್ವಲ್ಪ ಹೊತ್ತು ಕಾಯಿರಿ. ತಾಯಿ ಇದ್ದರೆ ಮರಿಗೆ ಎಂಟು ವಾರ ತುಂಬುವ ತನಕ ಬಿಡಿಸಬಾರದು, ಅಷ್ಟು ದಿನ ಆ ತಾಯಿಗೆ ಊಟ ಹಾಕಿದರೆ ಅದೇ ದೊಡ್ಡ ಉಪಕಾರ. ದೊಡ್ಡ ನಾಯಿಯಾದರೆ ಅಕ್ಕಪಕ್ಕ ವಿಚಾರಿಸಿ. ಹಳ್ಳಿ ಕಡೆ ಕೊರಳಲ್ಲಿ ಪಟ್ಟಿ ಇಲ್ಲದೆ ತಿರುಗುವ ನಾಯಿಗೂ ಎಷ್ಟೋ ಸಲ ಒಂದು ಮನೆ ಇರುತ್ತದೆ. ಕಿವಿಯ ತುದಿ ನೀಟಾಗಿ ಕತ್ತರಿಸಿದ್ದರೆ ಸಂತಾನಹರಣ ಆಗಿದೆ ಅಂತ ಅರ್ಥ.

ಯಾರಾದರೂ ಕಾಪಾಡಿ ಸಾಕಿಟ್ಟ ನಾಯಿಯನ್ನು ತರುವುದಾದರೆ ನಾಚಿಕೆ ಬಿಟ್ಟು ಪ್ರಶ್ನೆ ಕೇಳಿ. ಎಲ್ಲಿ ಸಿಕ್ಕಿತು, ಈಗ ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ, ಗಂಡಸರನ್ನು ಕಂಡರೆ ಹಿಂದೆ ಸರಿಯುತ್ತದೋ, ಯಾರನ್ನಾದರೂ ಕಚ್ಚಿದೆಯೋ. ಲಸಿಕೆ ಪುಸ್ತಕ ಕೇಳಿ, ಅದರಲ್ಲಿ ಬಾಟಲಿಯ ಸ್ಟಿಕ್ಕರ್ ಮತ್ತು ತಾರೀಖು ಇರಬೇಕು. "ಎಲ್ಲ ಆಗಿದೆ" ಎಂಬ ಬಾಯಿಮಾತು ಲೆಕ್ಕಕ್ಕಿಲ್ಲ. ಆಗದಿದ್ದರೆ ನೀವೇ ಹಾಕಿಸಿದರಾಯಿತು.

ತರುವ ದಿನ, ಮತ್ತು ಡಾಕ್ಟರ್

ಬೈಕಿನಲ್ಲಿ ಬೇಡ. ಕಾರೋ ರಿಕ್ಷಾವೋ ಆಗಲಿ, ಹಳೇ ಚಾದರ ಹಾಸಿ, ಒಬ್ಬರು ಹಿಂದೆ ಅವಳ ಜೊತೆ ಕೂರಲಿ. ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ, ಘಟ್ಟದ ತಿರುವಿನಲ್ಲಿ ಮನುಷ್ಯರೇ ವಾಂತಿ ಮಾಡುತ್ತಾರೆ, ನಾಯಿಯ ಕಥೆ ಕೇಳುವುದೇ ಬೇಡ. ಕೊರಳಿಗೆ ಪಟ್ಟಿ ಇದ್ದರೂ ಎದೆಗೆ ಹಾಕುವ ಹಾರ್ನೆಸ್ ಒಂದು ಇರಲಿ, ಎರಡಕ್ಕೂ ಹಗ್ಗ ಹಾಕಿ. ಹೆದರಿದ ನಾಯಿ ಕೊರಳ ಪಟ್ಟಿಯಿಂದ ತಲೆ ಜಾರಿಸಿಕೊಂಡು ಓಡಲು ಒಂದು ಕ್ಷಣ ಸಾಕು. ಹೊಸ ಊರಿನಲ್ಲಿ ಓಡಿದ ನಾಯಿಗೆ ನಿಮ್ಮ ಮನೆ ಯಾವುದು ಅಂತಲೇ ಗೊತ್ತಿರುವುದಿಲ್ಲ.

ಮೊದಲ ಎರಡು ಮೂರು ದಿನದೊಳಗೆ ತಾಲೂಕಿನ ಪಶು ಆಸ್ಪತ್ರೆಗೋ ಖಾಸಗಿ ಡಾಕ್ಟರ್ ಹತ್ತಿರವೋ ಒಯ್ಯಿರಿ. ಬೆಳಿಗ್ಗೆಯೇ ಹೋಗಿ, ದನ ನೋಡಲು ಡಾಕ್ಟರ್ ಹಳ್ಳಿಗೆ ಹೊರಟರೆ ಮತ್ತೆ ಮಧ್ಯಾಹ್ನವೇ. ಹುಳದ ಔಷಧಿ, ಕಜ್ಜಿ, ಉಣುಗು, ಹಲ್ಲು, ತೂಕ ಎಲ್ಲ ನೋಡಿಸಿ. ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ನಾಲ್ಕು ವಾರಕ್ಕೊಮ್ಮೆ ಬೂಸ್ಟರ್, ಮೂರು ತಿಂಗಳಿಗೆ ರೇಬೀಸ್. ಆಮೇಲೆ ರೇಬೀಸ್ ಲಸಿಕೆ ವರ್ಷ ವರ್ಷ ತಪ್ಪಿಸಬಾರದು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಹಾಕುವುದುಂಟು, ವಿಚಾರಿಸಿ ನೋಡಿ.

ಬೀದಿಯಲ್ಲಿ ಬೆಳೆದ ದೊಡ್ಡ ಹೆಣ್ಣು ನಾಯಿಯಾದರೆ ಒಂದು ವಿಷಯ ನೆನಪಿಡಿ. ಅಡಿಯಿಂದ ರಕ್ತ ಬರುತ್ತಿದ್ದರೆ ಬೆದೆಗೆ ಬಂದಿದೆ ಅಂತ ಸುಮ್ನೆ ಬಿಡುತ್ತಾರೆ. ಬೆದೆಯ ರಕ್ತ ಎರಡು ಮೂರು ವಾರದಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ ಅದು ನಾಯಿಯಿಂದ ನಾಯಿಗೆ ಕೂಡುವಾಗ ಹರಡುವ ಒಂದು ಗಡ್ಡೆ ಇರಬಹುದು. ಗಡ್ಡೆ ಅಂದ ಕೂಡಲೇ ಗಾಬರಿ ಬೇಡ, ವಾರಕ್ಕೊಂದು ಇಂಜೆಕ್ಷನ್ ಹಾಗೆ ಕೆಲವು ವಾರ ಕೊಟ್ಟರೆ ಬಹಳಷ್ಟು ನಾಯಿಗಳು ಪೂರ್ತಿ ಗುಣವಾಗುತ್ತವೆ.

ಮನೆಗೆ ತಂದ ದಿನವೇ ಸ್ನಾನ ಮಾಡಿಸಬೇಡಿ. ವಾಸನೆ ಬರಲಿ. ಹೊಸ ಮನೆ, ಹೊಸ ಜನ, ಅದರ ಮೇಲೆ ತಲೆಗೆ ನೀರು ಸುರಿದರೆ ನಿಮ್ಮ ಮೇಲೆ ನಂಬಿಕೆ ಎಲ್ಲಿಂದ ಬರಬೇಕು?

ಸುಮ್ನೆ ಬಿಡುವ ಕಾಲ

ನಾಯಿ ಸಾಕಿದವರು ಮೂರು-ಮೂರು-ಮೂರರ ಲೆಕ್ಕ ಹೇಳುತ್ತಾರೆ. ಮೂರು ದಿನ ಹೆದರಿಕೆ, ಮೂರು ವಾರದಲ್ಲಿ ಮನೆಯ ರೂಢಿ ಹಿಡಿಯುವುದು, ಮೂರು ತಿಂಗಳಿಗೆ ಇದು ನನ್ನ ಮನೆ ಅಂತ ಅನ್ನಿಸುವುದು. ಇದು ಅಂದಾಜು ಅಷ್ಟೇ. ಹೊಡೆತ ತಿಂದ ನಾಯಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ.

ಬರುವ ಮುಂಚೆಯೇ ಒಂದು ಮೂಲೆ ತಯಾರಿರಲಿ. ಜಗುಲಿಯ ಬೆಂಚಿನ ಕೆಳಗೆ, ಮೆತ್ತಿನ ಮೆಟ್ಟಿಲ ಬುಡದಲ್ಲಿ, ಜನ ಓಡಾಡದ ಕಡೆ ಗೋಣಿಚೀಲದ ಮೇಲೆ ಹಳೇ ಕಂಬಳಿ ಹಾಸಿ, ಪಕ್ಕದಲ್ಲಿ ನೀರು ಇಡಿ. ಅಲ್ಲಿ ಹೋಗಿ ಅವಳು ಅಡಗಿದರೆ ಎಳೆಯಬೇಡಿ, ಬಗ್ಗಿ ಇಣುಕಬೇಡಿ, ಮೊಬೈಲ್ ಹಿಡಿದು ಫೋಟೋ ತೆಗೆಯಬೇಡಿ. ಸ್ವಲ್ಪ ದೂರದಲ್ಲಿ ಮಗ್ಗುಲಾಗಿ ಕೂತು ನಿಮ್ಮ ಕೆಲಸ ಮಾಡಿ. ಅಡಿಕೆ ಸುಲಿಯಿರಿ, ಪೇಪರ್ ಓದಿ, ಆಗೀಗ ಒಂದು ಮೊಟ್ಟೆ ಚೂರು ಅವಳ ಕಡೆ ಎಸೆಯಿರಿ. ಹೊಸ ಸೊಸೆ ಮನೆಗೆ ಬಂದಾಗ ಬುದ್ಧಿವಂತ ಅತ್ತೆ ಹೇಗೆ ತನ್ನ ಪಾಡಿಗೆ ತಾನು ಇರುತ್ತಾಳೋ ಹಾಗೆ.

ನಮ್ಮ ಕಡೆ ಇನ್ನೊಂದು ತೊಂದರೆ ಉಂಟು: ಸುದ್ದಿ. ನಾಯಿ ಬಂತು ಅಂದರೆ ಕೇರಿಯ ಮಕ್ಕಳೆಲ್ಲ ಅಂಗಳದಲ್ಲಿ. ಒಂದು ವಾರ ಯಾರೂ ಬರಬೇಡಿ ಅಂತ ಮುಖ ನೋಡದೆ ಹೇಳಿ. ಆಮೇಲೆ ಒಬ್ಬೊಬ್ಬರೇ ಬರಲಿ, ಕೈ ಚಾಚಿ ತಲೆ ಮುಟ್ಟುವುದು ಬೇಡ, ಅವಳೇ ಬಂದು ಮೂಸಲಿ.

ಮೊದಲ ದಿನ ಊಟ ಮುಟ್ಟದಿದ್ದರೆ ಚಿಂತೆ ಬೇಡ. ಒಂದು ದಿನ ಪೂರ್ತಿ ನೀರೂ ಕುಡಿಯದಿದ್ದರೆ, ಅಥವಾ ಮರಿ ಊಟ ಬಿಟ್ಟು ಭೇದಿ ಶುರುವಾದರೆ, ಡಾಕ್ಟರಿಗೆ ಫೋನ್ ಮಾಡಿ. ಪಾರ್ವೋ ಮರಿಗಳನ್ನು ಎರಡು ಮೂರು ದಿನದಲ್ಲಿ ಒಯ್ದುಬಿಡುತ್ತದೆ, ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಗುರ್ ಅಂದರೆ ಹೊಡೆಯಬೇಡಿ. ಗುರ್ ಅನ್ನುವುದು ಅವಳ ಎಚ್ಚರಿಕೆ. ಅದಕ್ಕೆ ಏಟು ಬಿದ್ದರೆ ಮುಂದಿನ ಸಲ ಎಚ್ಚರಿಕೆ ಕೊಡದೆ ನೇರ ಕಚ್ಚುತ್ತಾಳೆ. ಹಿಂದೆ ಸರಿಯಿರಿ, ಯಾಕೆ ಅಂತ ನೋಡಿ. ಊಟದ ಬಟ್ಟಲ ಹತ್ತಿರ ಮಗು ಹೋಗಿರುತ್ತದೆ, ಅಥವಾ ನಿದ್ದೆಯಲ್ಲಿ ಯಾರೋ ಮುಟ್ಟಿರುತ್ತಾರೆ. ಅಕಸ್ಮಾತ್ ಹಲ್ಲು ತಾಗಿ ಗಾಯವಾದರೆ ಅರಿಶಿನ, ಸುಣ್ಣ ಏನೂ ಹಚ್ಚಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಶುರು ಮಾಡಿದ ಇಂಜೆಕ್ಷನ್ ಕೋರ್ಸನ್ನು ಡಾಕ್ಟರ್ ಬರೆದ ತಾರೀಖಿಗೆ ತಪ್ಪದೆ ಮುಗಿಸಿ.

ರಾತ್ರಿ ಅತ್ತರೆ ಅವಳ ಮೂಲೆಯ ಹತ್ತಿರ ಯಾರಾದರೂ ಮಲಗಿ. "ರೂಢಿ ತಪ್ಪುತ್ತದೆ" ಅನ್ನುತ್ತಾರೆ, ಕೆಲವು ರಾತ್ರಿಗೆ ಏನೂ ತಪ್ಪುವುದಿಲ್ಲ.

ಒಂದಕ್ಕೆ, ಎರಡಕ್ಕೆ ಹೊರಗೆ ಹೋಗುವುದನ್ನು ಕಲಿಸುವುದು ಕಷ್ಟವಲ್ಲ: ಎದ್ದ ಕೂಡಲೇ, ಉಂಡ ಕೂಡಲೇ, ಆಟವಾಡಿದ ಕೂಡಲೇ ಹಗ್ಗ ಹಾಕಿ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ, ಆದ ಕೂಡಲೇ ಒಂದು ಚೂರು ತಿಂಡಿ ಕೊಡಿ. ಒಳಗೆ ಮಾಡಿದ್ದಕ್ಕೆ ಮೂತಿ ತಿಕ್ಕಿದರೆ ನಿಮಗೆ ಕಾಣದ ಜಾಗದಲ್ಲಿ ಮಾಡುವುದನ್ನು ಕಲಿಯುತ್ತಾಳೆ, ಅಷ್ಟೇ. ಕಷ್ಟ ಬರುವುದು ಆಷಾಢದ ಮಳೆಯಲ್ಲಿ. ಹಗಲು ರಾತ್ರಿ ಸುರಿಯುವಾಗ ನಾಯಿ ಅಂಗಳಕ್ಕೆ ಇಳಿಯುವುದೇ ಇಲ್ಲ. ಕೊಟ್ಟಿಗೆಯ ಬದಿಗೋ ಸೌದೆ ಮನೆಯ ಹಿಂದೋ ಸೋಗೆಯೋ ತಗಡೋ ಹೊದಿಸಿದ ಸಣ್ಣ ಜಾಗ ಮಾಡಿಕೊಡಿ, ಕಾರವಾರದ ಫ್ಲ್ಯಾಟಿನವರು ಬಾಲ್ಕನಿಯ ಮೂಲೆಯಲ್ಲಿ ಮಣ್ಣಿನ ಟ್ರೇ ಇಡಬಹುದು.

ಕರೆದರೆ ಬರುವುದು, ಇದೊಂದನ್ನು ಮೊದಲು ಕಲಿಸಿ. ಕಾರವಾರದ ಮನೆಗಳಲ್ಲಿ ಒಬ್ಬರು "ಬಾ" ಅಂದರೆ ಇನ್ನೊಬ್ಬರು ಕೊಂಕಣಿಯಲ್ಲಿ "ಯೋ" ಅನ್ನುತ್ತಾರೆ, ಶಾಲೆಗೆ ಹೋಗುವವನು "ಕಮ್" ಅನ್ನುತ್ತಾನೆ. ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಬಂದಾಗಲೆಲ್ಲ ಏನಾದರೂ ಕೊಡಿ. ಬೈಯಲು ಮಾತ್ರ ಎಂದೂ ಕರೆಯಬೇಡಿ.

ಊಟ

ಮೊದಲ ವಾರ ಹಿಂದೆ ತಿನ್ನುತ್ತಿದ್ದುದನ್ನೇ ಹಾಕಿ, ಆಮೇಲೆ ಸ್ವಲ್ಪ ಸ್ವಲ್ಪವೇ ಬದಲಾಯಿಸಿ. ದೊಡ್ಡ ನಾಯಿಗೆ ದಿನಕ್ಕೆ ಎರಡು ಹೊತ್ತು, ಮರಿಗೆ ಮೂರು ನಾಲ್ಕು. ಬರೀ ಅನ್ನ ಮಜ್ಜಿಗೆ ಹಾಕಿ ಸಾಕುವ ಪದ್ಧತಿ ಘಟ್ಟದ ಮೇಲೆ ಹಳೆಯದು, ನಾಯಿ ಬದುಕುತ್ತದೆ, ಆದರೆ ಕೂದಲು ಉದುರಿ ಎಲುಬು ಕಾಣುತ್ತದೆ. ಸಸ್ಯಾಹಾರಿ ಮನೆಯಾದರೆ ಅಂಗಡಿಯ ಒಣ ಆಹಾರ ಒಂದು ಹೊತ್ತಾದರೂ ಇರಲಿ, ಜೊತೆಗೆ ಮೊಸರು, ಬೇಯಿಸಿದ ಬೇಳೆ. ಮೊಟ್ಟೆಗೆ ಮನೆಯಲ್ಲಿ ಒಪ್ಪಿಗೆ ಇಲ್ಲದಿದ್ದರೆ ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಎಷ್ಟೋ ಮನೆಗಳಲ್ಲಿ ಈ ಒಪ್ಪಂದ ಸದ್ದಿಲ್ಲದೆ ನಡೆಯುತ್ತದೆ. ಕರಾವಳಿಯವರಿಗೆ ಬಂಗಡೆ, ತಾರ್ಲೆ ಇದ್ದೇ ಇದೆ. ಉಪ್ಪು ಖಾರ ಇಲ್ಲದೆ ಬೇಯಿಸಿ, ಮುಳ್ಳು ಬಿಡಿಸಿ ಅನ್ನಕ್ಕೆ ಕಲಸಿ. ಮನೆಯ ಸಾರು ಹಾಕಬೇಡಿ, ಅದರಲ್ಲಿ ಈರುಳ್ಳಿ ಇರುತ್ತದೆ, ಈರುಳ್ಳಿ ನಾಯಿಯ ರಕ್ತ ಕೆಡಿಸುತ್ತದೆ. ಒಣಮೀನಿನಲ್ಲಿ ಉಪ್ಪು ಜಾಸ್ತಿ. ಬೇಯಿಸಿದ ಕೋಳಿ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ವಿಷ, ಪಾಯಸದ ದ್ರಾಕ್ಷಿಯೂ ಸೇರಿ. ಅಂಕೋಲೆಯ ಇಶಾಡ ಮಾವಿನ ಕಾಲ ಬಂತೆಂದರೆ ಗೊರಟೆಯನ್ನು ಅಂಗಳಕ್ಕೆ ಎಸೆಯುವ ಅಭ್ಯಾಸ ಬಿಡಿ. ಅದನ್ನು ನುಂಗಿದ ನಾಯಿಗೆ ಕರುಳು ಕಟ್ಟಿಕೊಂಡು ಹೊಟ್ಟೆ ಕೊಯ್ಯುವ ಪರಿಸ್ಥಿತಿ ಬರುತ್ತದೆ. ಇನ್ನು ಜ್ವರ ಬಂತು ಅಂತ ನಮ್ಮ ಪ್ಯಾರಾಸಿಟಮಾಲ್, ಮೈಕೈ ನೋವಿನ ಮಾತ್ರೆ ಕೊಡಲೇಬಾರದು.

ಈ ನೆಲದ ಅಪಾಯಗಳು

ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲನೆಯದು ಚಿರತೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಾತ್ರವಲ್ಲ, ಕಾರವಾರದ ಗುಡ್ಡದ ಬದಿಯ ಮನೆಗಳಲ್ಲೂ ರಾತ್ರಿ ನಾಯಿ ಮಾಯವಾಗುವುದು ಹೊಸ ಸುದ್ದಿಯಲ್ಲ. ಹೊರಗೆ ಸರಪಳಿ ಹಾಕಿ ಕಟ್ಟಿದ ನಾಯಿ ಮನೆ ಕಾಯುವುದಿಲ್ಲ, ಚಿರತೆಗೆ ಊಟ ಆಗುತ್ತದೆ. ಓಡಲೂ ಅದಕ್ಕೆ ದಾರಿ ಇಲ್ಲ. ಕತ್ತಲಾದ ಮೇಲೆ ಒಳಗೆ, ಬಾಗಿಲು ಹಾಕಿ. ಬಚ್ಚಲ ಒಲೆಯ ಹತ್ತಿರ ಜಾಗ ಕೊಟ್ಟರೆ ಮಳೆಗಾಲದಲ್ಲಿ ಅವಳೇ ಅಲ್ಲಿಂದ ಏಳುವುದಿಲ್ಲ. ಈ ವಿಷಯದಲ್ಲಿ ಹಿರಿಯರ ಜೊತೆ ಜಗಳವಾದರೂ ಆಗಲಿ.

ಎರಡನೆಯದು ಉಣುಗು. ಉಣುಗಿನಿಂದ ನಾಯಿಗೆ ಬರುವ ಜ್ವರ ಬೇರೆ: ಮಂಕಾಗುತ್ತದೆ, ಊಟ ಬಿಡುತ್ತದೆ, ವಸಡು ಬಿಳಿಚುತ್ತದೆ, ಕೆಲವೊಮ್ಮೆ ಮೂಗಿನಲ್ಲಿ ರಕ್ತ. ಬೇಗ ಔಷಧಿ ಶುರು ಮಾಡಿದರೆ ಗುಣವಾಗುತ್ತದೆ. ಮನುಷ್ಯರಿಗೆ ಬರುವ ಮಂಗನ ಕಾಯಿಲೆ ಬೇರೆ. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಈ ರೋಗ ಸಿದ್ದಾಪುರದವರಿಗೆ ಚೆನ್ನಾಗಿ ಗೊತ್ತು. ನಾಯಿಯಿಂದ ಅದು ನೇರವಾಗಿ ಅಂಟುವುದಿಲ್ಲ, ಕಾಡಿನ ಉಣುಗು ಕಚ್ಚಿ ಬರುತ್ತದೆ. ಆದರೆ ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ತುಳಿದು ಬಂದ ನಾಯಿಯ ಮೈಮೇಲೆ ಉಣುಗು ಮನೆಯೊಳಗೂ ಬರಬಹುದು, ಅಲ್ವಾ? ಹಾಗಾಗಿ ಡಿಸೆಂಬರಿನಿಂದ ಮೇ ತನಕ ಕಾಡಿನ ದಾರಿ ಬಿಟ್ಟು ರಸ್ತೆಯಲ್ಲೇ ತಿರುಗಾಡಿಸಿ. ಬಂದ ಮೇಲೆ ಕಿವಿಯ ಒಳಗೆ, ಬೆರಳ ಸಂದಿ, ಬಾಲದ ಬುಡ ನೋಡಿ. ಸಿಕ್ಕಿದ್ದನ್ನು ಚಿಮುಟಿಗೆಯಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆದು ಸೋಪಿನ ನೀರಿಗೆ ಹಾಕಿ, ಉಗುರಲ್ಲಿ ಕುಕ್ಕಬೇಡಿ. ಸೀಮೆಎಣ್ಣೆ ಬಳಿಯುವ ಹಳೇ ಪದ್ಧತಿ ಬಿಟ್ಟುಬಿಡಿ, ಚರ್ಮ ಸುಡುತ್ತದೆ, ನೆಕ್ಕಿದರೆ ಒಳಗೂ ಹೋಗುತ್ತದೆ. ತಿಂಗಳಿಗೊಮ್ಮೆ ಬೆನ್ನಿಗೆ ಹಾಕುವ ಹನಿ ಅಥವಾ ಮಾತ್ರೆ ಇದೆ, ತೂಕ ಹೇಳಿ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ.

ಮೂರನೆಯದು ತೋಟದ್ದು. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನ ನಾಯಿಯನ್ನು ತೋಟಕ್ಕೆ ಬಿಡಬೇಡಿ. ಆ ಔಷಧಿ, ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಕಾಲಿಗೆ ಮೆತ್ತಿದ್ದನ್ನು ನೆಕ್ಕಿದರೆ, ಡ್ರಮ್ಮಿನ ತಳದ ನೀರು ಕುಡಿದರೆ ವಾಂತಿ, ಭೇದಿ ಶುರು. ಅಡಿಕೆ ಅಟ್ಟದ ಇಲಿ ಪಾಷಾಣವೂ ಅವಳಿಗೆ ಸಿಗಬಾರದು, ಪಾಷಾಣ ತಿಂದ ಇಲಿಯೂ ಸಿಗಬಾರದು. ಇನ್ನು ಕಾಡುಹಂದಿಗೆಂದು ಗದ್ದೆ ಅಂಚಿನಲ್ಲಿ ಕಳ್ಳತನದಿಂದ ಇಡುವ ಸಿಡಿಮದ್ದಿನ ಉಂಡೆ, ಉರುಳು. ವಾಸನೆಗೆ ಹೋಗಿ ಕಚ್ಚಿದ ನಾಯಿಯ ದವಡೆಯೇ ಉಳಿಯುವುದಿಲ್ಲ. ಬೇಲಿ ಇಲ್ಲದ ತೋಟದಲ್ಲಿ ಒಂಟಿಯಾಗಿ ಅಲೆಯಲು ಬಿಡದೇ ಇರುವುದೊಂದೇ ಇದಕ್ಕೆ ದಾರಿ.

ಇಲಿ ಜ್ವರವನ್ನು ಮರೆಯುವ ಹಾಗಿಲ್ಲ. ಇಲಿಯ ಮೂತ್ರ ಸೇರಿದ ನಿಂತ ನೀರು, ಕೆಸರು ಇದ್ದಲ್ಲೆಲ್ಲ ಅದು ಉಂಟು, ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಲಸಿಕೆ ಕೇಳುವಾಗ ಲೆಪ್ಟೋ, ಅಂದರೆ ಈ ಇಲಿ ಜ್ವರದ್ದು, ಸೇರಿದೆಯೇ ಅಂತ ಕೇಳಿ, ಅದನ್ನು ಮಳೆ ಶುರುವಾಗುವ ಮುಂಚೆ ಮುಗಿಸಿ. ಕಣ್ಣು, ವಸಡು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ, ಮೂತ್ರ ಒರೆಸುವಾಗ ಕೈಗೆ ಗ್ಲೌಸ್ ಹಾಕಿ. ಒದ್ದೆಯಾದಾಗಲೆಲ್ಲ ಬೆರಳ ಸಂದಿ ಒರೆಸಿದರೆ ಮಳೆಗಾಲದ ಅರ್ಧ ಕಜ್ಜಿ ಬರುವುದೇ ಇಲ್ಲ.

ಕೆಳಗಿನವರಿಗೆ ಸಮುದ್ರ. ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಬೆಳಗಿನ ಹೊತ್ತು ಚಂದ, ಆದರೆ ಅಲ್ಲಿಯದೇ ನಾಯಿಗಳ ಗುಂಪು ಇರುತ್ತದೆ, ಹೊಸಬಳನ್ನು ಸುಮ್ನೆ ಬಿಡುವುದಿಲ್ಲ. ಉದ್ದ ಹಗ್ಗ ಇರಲಿ. ಬಲೆ ತುಂಡು, ಗಾಳ, ತೀರಕ್ಕೆ ಬಿದ್ದ ಊದಿದ ಹೊಟ್ಟೆಯ ವಿಷದ ಮೀನು, ಇವುಗಳ ಮೇಲೆ ಕಣ್ಣಿಡಿ, ಉಪ್ಪುನೀರು ಕುಡಿಯಲು ಬಿಡಬೇಡಿ. ಚಳಿಗಾಲದಿಂದ ಬೇಸಿಗೆಯ ಹೊತ್ತಿಗೆ ದೇವಬಾಗ, ಮಾಜಾಳಿ, ಹೊನ್ನಾವರದ ಟೊಂಕದ ಕಡೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡುತ್ತವೆ, ನಾಯಿಗಳು ಅವನ್ನು ಅಗೆದು ತಿನ್ನುತ್ತವೆ. ಆ ತೀರಗಳಲ್ಲಿ ಹಗ್ಗ ಬಿಚ್ಚುವುದೇ ಬೇಡ.

ಪಟಾಕಿಗೆ ಇಲ್ಲಿ ಎರಡು ಹಬ್ಬ: ಚೌತಿ ಮತ್ತು ದೊಡ್ಡಬ್ಬ, ಅಂದರೆ ದೀಪಾವಳಿ. ಅದರ ಮೇಲೆ ಸುಗ್ಗಿಯ ಗುಮಟೆ ವಾದ್ಯ, ಯಕ್ಷಗಾನ ಆಟದ ಚಂಡೆ. ಪಟಾಕಿ ದಿನ ಸೂರ್ಯ ಮುಳುಗುವ ಮುಂಚೆ ತಿರುಗಾಡಿಸಿ, ಊಟ ಹಾಕಿ, ಒಳಗಿನ ಕೋಣೆಯಲ್ಲಿ ಕಿಟಕಿ ಮುಚ್ಚಿ ಫ್ಯಾನೋ ಟಿವಿಯೋ ಹಾಕಿಡಿ. ಹೆದರಿ ಮೈಗೆ ಅಂಟಿಕೊಂಡರೆ ಅಂಟಿಕೊಳ್ಳಲಿ. ಕೊರಳಿನ ಪಟ್ಟಿಗೆ ಫೋನ್ ನಂಬರ್ ಬರೆದ ಬಿಲ್ಲೆ ಇರಲಿ, ಓಡಿಹೋಗುವ ನಾಯಿಗಳು ಹೆಚ್ಚು ಓಡುವುದು ಅವತ್ತೇ.

ಆಪರೇಷನ್

ಮೊದಲ ಬೆದೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ, ಆಮೇಲೆ ಸುಮಾರು ಆರು ತಿಂಗಳಿಗೊಮ್ಮೆ. ಬಸಿರು ನಿಂತರೆ ಸುಮಾರು 63 ದಿನಕ್ಕೆ ಮರಿ. ಸಂತಾನಹರಣ ಮಾಡಿಸಿದರೆ ಮರಿಯ ಚಿಂತೆ ಹೋಗುತ್ತದೆ, ಗರ್ಭಕೋಶದಲ್ಲಿ ಕೀವು ತುಂಬುವ ರೋಗದ ಭಯವೂ ಇರುವುದಿಲ್ಲ. "ಒಂದು ಸಲವಾದರೂ ಮರಿ ಹಾಕಲಿ" ಅನ್ನುವವರು ಊರಲ್ಲಿ ಇದ್ದೇ ಇರುತ್ತಾರೆ, ಆ ಮರಿಗಳನ್ನು ಅವರು ಸಾಕುತ್ತಾರೋ ಕೇಳಿ. ಬಂದ ವಾರವೇ ಮಾಡಿಸಬೇಡಿ, ಮೈ ತುಂಬಿಕೊಂಡು ಮನೆಗೆ ಹೊಂದಿಕೊಳ್ಳಲಿ. ಬೆದೆ ಮುಗಿದು ಎರಡು ಮೂರು ತಿಂಗಳಾದ ಮೇಲಿನ ಸಮಯ ಒಳ್ಳೆಯದು. ಹೊಲಿಗೆ ಮಾಯಲು ಹತ್ತರಿಂದ ಹದಿನಾಲ್ಕು ದಿನ ಬೇಕು, ಅಷ್ಟು ದಿನ ಗಾಯ ಒದ್ದೆಯಾಗಬಾರದು, ನೆಕ್ಕಬಾರದು. ಆದ್ದರಿಂದ ಜುಲೈ ತಿಂಗಳು ಬೇಡ ಅಂತ ನನ್ನ ಅಭಿಪ್ರಾಯ.

ದನ, ಕೋಳಿ, ಮದುವೆ ಮನೆ

ದನ, ಕೋಳಿ, ಬೆಕ್ಕನ್ನು ದಿನಾ ದೂರದಿಂದ, ಹಗ್ಗದಲ್ಲೇ ತೋರಿಸಿ. ನೋಡಿಯೂ ಸುಮ್ಮನಿದ್ದರೆ ತಿಂಡಿ ಕೊಡಿ. ಕೋಳಿ ಹಿಡಿದು ರುಚಿ ಕಂಡ ನಾಯಿಯನ್ನು ತಿದ್ದುವುದು ಬಹಳ ಕಷ್ಟ, ಆ ಮೊದಲ ಅವಕಾಶವೇ ಸಿಗದಂತೆ ನೋಡಿಕೊಳ್ಳಿ. ಎಮ್ಮೆ ಒಂದು ಸಲ ಕೊಂಬು ಬೀಸಿದರೆ ಉಳಿದ ಪಾಠ ಅದೇ ಮಾಡುತ್ತದೆ, ಅದು ಬೇರೆ ಮಾತು.

ಒಂಟಿ ಇರುವುದನ್ನೂ ಕಲಿಸಬೇಕು. ಮೊದಲು ಐದು ನಿಮಿಷ ಹೊರಗೆ ಹೋಗಿ ಬನ್ನಿ, ಆಮೇಲೆ ಅರ್ಧ ಗಂಟೆ, ಆಮೇಲೆ ಪೇಟೆಗೆ. ಹೋಗುವಾಗಲೂ ಬರುವಾಗಲೂ ದೊಡ್ಡ ಸಂಭ್ರಮ ಬೇಡ. ಎರಡು ದಿನದ ಮದುವೆ, ಉಪನಯನ ಅಂದರೆ ಮನೆಯೆಲ್ಲ ಹೊರಡುವುದು ನಮ್ಮ ರೂಢಿ. ಆಗ ಅಂಗಳದಲ್ಲಿ ಕಟ್ಟಿ, ಅನ್ನ ಸುರಿದು ಹೋಗುವುದಲ್ಲ. ಪಕ್ಕದ ಮನೆಯವರೋ ತೋಟದ ಕೆಲಸಕ್ಕೆ ಬರುವವರೋ, ಅವಳಿಗೆ ಆಗಲೇ ಪರಿಚಯ ಇರುವ ಒಬ್ಬರನ್ನು ಗೊತ್ತು ಮಾಡಿ. ಅವರ ಕೈಗೆ ಎರಡು ದಿನದ ಊಟ, ಹಾರ್ನೆಸ್, ಲಸಿಕೆ ಪುಸ್ತಕ, ಡಾಕ್ಟರ್ ನಂಬರ್ ಕೊಡಿ. ರಾತ್ರಿ ಒಳಗೇ ಮಲಗಿಸಬೇಕು ಅಂತ ಎರಡು ಸಲ ಹೇಳಿ.